ಒಂದೇ ಹುಡುಕಾಟದಲ್ಲಿ ಎಲ್ಲವೂ ಸಿಗಲಿ: ವಿಶ್ವವಿದ್ಯಾಲಯ ಗ್ರಂಥಾಲಯದ ಕ್ಯಾಟಲಾಗ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಕೌಂಟರಿಗೆ ಬಂದು 'ಗದುಗಿನ ಭಾರತ' ಬೇಕು ಅಂದಳು. ಕಂಪ್ಯೂಟರಿನಲ್ಲಿ ಒಂದೇ ಪ್ರತಿ ಕಾಣಿಸಿತು. ಅದೂ ಬೇರೆಯವರ ಹತ್ತಿರ ಇತ್ತು. ಅವಳು ಬರಿಗೈಯಲ್ಲಿ ಹೋದಳು. ಮಧ್ಯಾಹ್ನ ನಾನೇ ರ‍್ಯಾಕಿನ ಹತ್ತಿರ ಹೋಗಿ ನೋಡಿದೆ. 'ಕುಮಾರವ್ಯಾಸ ಭಾರತ' ಎಂಬ ಹೆಸರಿನಲ್ಲಿ ಪ್ರತಿಗಳಿದ್ದವು. 'ಕರ್ಣಾಟ ಭಾರತ ಕಥಾಮಂಜರಿ' ಎಂಬ ಹೆಸರಿನಲ್ಲೂ ಇದ್ದವು. ಮೂರು ಹೆಸರು, ಕಾವ್ಯ ಒಂದೇ. ಪುಸ್ತಕ ನಮ್ಮಲ್ಲೇ ಇತ್ತು, ಆದರೆ ಅವಳ ಪಾಲಿಗೆ ಇರಲಿಲ್ಲ.

ನಮ್ಮ ರಾಜ್ಯದ ಯಾವುದೇ ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಹೋದರೂ ಇಂಥದ್ದು ಕಾಣುತ್ತದೆ. ಕನ್ನಡ, ಇಂಗ್ಲಿಷ್, ಸಂಸ್ಕೃತ, ಉರ್ದು ಪುಸ್ತಕಗಳು, ಪಿಎಚ್‌ಡಿ ಪ್ರಬಂಧಗಳು, ಹಳೆಯ ಪತ್ರಿಕೆಗಳ ಬೈಂಡ್ ಸಂಪುಟಗಳು, ಓಲೆಗರಿ, ದಾನವಾಗಿ ಬಂದ ಸಂಗ್ರಹ, ಇ-ಪುಸ್ತಕ ಎಲ್ಲ ಒಂದೇ ಸೂರಿನಡಿ ಇರುತ್ತವೆ. ಒಂದೊಂದನ್ನೂ ಒಂದೊಂದು ಕಾಲದಲ್ಲಿ, ಒಬ್ಬೊಬ್ಬರು, ತಮಗೆ ಗೊತ್ತಿದ್ದ ನಿಯಮದಂತೆ ದಾಖಲಿಸಿರುತ್ತಾರೆ. ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಬೇಕಿಲ್ಲ. ಓದುಗರು ಹೇಗೆ ಕೇಳುತ್ತಾರೋ ಹಾಗೆ ಕೇಳಿದರೂ ಸಿಗುವಂತೆ ಮಾಡಬೇಕು. ಇಲ್ಲಿ ಬರೆದಿರುವುದೆಲ್ಲ ಆ ಒಂದು ಗುರಿಗಾಗಿ.

ಹಂತ 1: ಏನಿದೆ, ಎಲ್ಲಿದೆ ಎಂದು ಮೊದಲು ಬರೆದುಕೊಳ್ಳಿ

ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಪ್ರತಿ ಸಂಗ್ರಹಕ್ಕೆ ಒಂದು ಸಾಲು. ಸಂಗ್ರಹದ ಹೆಸರು, ಅಂದಾಜು ಸಂಖ್ಯೆ, ಭಾಷೆ, ಲಿಪಿ, ದಾಖಲೆ ಯಾವ ರೂಪದಲ್ಲಿದೆ, ಯಾರಿಗೆ ಗೊತ್ತು ಎಂದು ಬರೆಯಿರಿ. ದಾಖಲೆ ಆಕ್ಸೆಷನ್ ರಿಜಿಸ್ಟರಿನಲ್ಲಿ (ಬಂದ ಪುಸ್ತಕಗಳನ್ನು ಕ್ರಮಸಂಖ್ಯೆ ಕೊಟ್ಟು ಬರೆಯುವ ದಫ್ತರ) ಇರಬಹುದು, ಕಾರ್ಡಿನಲ್ಲಿ ಇರಬಹುದು, ಯಾವುದೋ ವಿಭಾಗದ ಎಕ್ಸೆಲ್ ಫೈಲಿನಲ್ಲಿ ಇರಬಹುದು, ಹಳೆಯ ಸಾಫ್ಟ್‌ವೇರಿನಲ್ಲೂ ಇರಬಹುದು.

'ಯಾರಿಗೆ ಗೊತ್ತು' ಎಂಬ ಕಾಲಂ ಬಿಡಬೇಡಿ. ದಾನದ ಸಂಗ್ರಹ ಯಾವ ಮನೆಯಿಂದ ಬಂತು, ಯಾಕೆ ಆ ಕ್ರಮದಲ್ಲೇ ಜೋಡಿಸಿದ್ದಾರೆ ಎನ್ನುವುದು ಎಷ್ಟೋ ಸಲ ನಿವೃತ್ತಿಯ ಅಂಚಿನಲ್ಲಿರುವ ಒಬ್ಬ ಅಟೆಂಡರಿಗೆ ಮಾತ್ರ ಗೊತ್ತಿರುತ್ತದೆ. ಅವರ ಜೊತೆ ಕೂತು ಕೇಳಿ, ಆವತ್ತೇ ಬರೆದಿಡಿ.

ಹಳೆಯ ಕಾರ್ಡುಗಳನ್ನು ಸದ್ಯಕ್ಕೆ ಎಸೆಯಬೇಡಿ. ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿ ಕಂಪ್ಯೂಟರಿಗೆ ಬಂದಿರುವುದು ಅಪರೂಪ.

ಹಂತ 2: ಎಲ್ಲಕ್ಕೂ ಸಾಮಾನ್ಯವಾದ ಒಂದು ತಿರುಳು ಗೊತ್ತುಮಾಡಿ

ಅಚ್ಚಾದ ಪುಸ್ತಕಕ್ಕೆ ಮಾರ್ಕ್ 21 ಸರಿ. ಪುಸ್ತಕದ ವಿವರವನ್ನು ಸಂಖ್ಯೆ ಕೊಟ್ಟ ಫೀಲ್ಡುಗಳಲ್ಲಿ ಬರೆಯುವ ಗ್ರಂಥಾಲಯಗಳ ಮಾದರಿ ಅದು; ಮುಂದೆ ಬರುವ 245, 100ರಂಥ ಮೂರಂಕಿಗಳು ಆ ಫೀಲ್ಡುಗಳೇ. ಪ್ರಬಂಧಗಳ ಡಿಜಿಟಲ್ ಭಂಡಾರ ಡಿಸ್ಪೇಸ್ ಎಂಬ ತಂತ್ರಾಂಶದ ಮೇಲೆ ನಡೆಯುತ್ತಿದ್ದರೆ ಅಲ್ಲಿ ಡಬ್ಲಿನ್ ಕೋರ್ ಎಂಬ ಇನ್ನೂ ಸರಳವಾದ ಮಾದರಿ ಇರುತ್ತದೆ. ಓಲೆಗರಿಗೆ ಇವೆರಡೂ ಸಾಲುವುದಿಲ್ಲ. ಹಾಗಾಗಿ ಒಂದೊಂದು ಸಂಗ್ರಹ ತನ್ನ ನಿಯಮವನ್ನೇ ಇಟ್ಟುಕೊಳ್ಳಲಿ. ಆದರೆ ಈ ಎಂಟು ಸಂಗತಿಗಳು ಪ್ರತಿಯೊಂದು ರೆಕಾರ್ಡಿನಲ್ಲೂ ಇರಲೇಬೇಕು: ಶೀರ್ಷಿಕೆ, ಬರೆದವರು, ವರ್ಷ, ಭಾಷೆ, ಲಿಪಿ, ಏನು ಬಗೆ (ಪುಸ್ತಕ, ಪ್ರಬಂಧ, ಹಸ್ತಪ್ರತಿ, ನಕಾಶೆ), ವಿಷಯ, ಎಲ್ಲಿದೆ.

ಆಮೇಲೆ ಒಂದು ಹೊಂದಾಣಿಕೆ ಪಟ್ಟಿ ಮಾಡಿ. ಮಾರ್ಕ್‌ನ 245 ಡಬ್ಲಿನ್ ಕೋರ್‌ನ ಶೀರ್ಷಿಕೆಗೆ ಸಮ. 100 ಮತ್ತು 700 ಬರೆದವರಿಗೆ, 264 ಪ್ರಕಟಣೆಗೆ, 650 ವಿಷಯಕ್ಕೆ. ಒಂದು ಕಡೆ ಎಚ್ಚರ ಬೇಕು. ಡಬ್ಲಿನ್ ಕೋರ್‌ನ ಮೂಲ ಅಂಶಗಳು ಹದಿನೈದೇ. ಮಾರ್ಕ್‌ನಿಂದ ಅದಕ್ಕೆ ಇಳಿಸುವಾಗ ವಿವರ ಕಳೆದುಹೋಗುತ್ತದೆ. ಅಲ್ಲಿಂದ ಮತ್ತೆ ಮೇಲೆ ಏರಿಸಿದರೆ ಕಳೆದದ್ದು ಬರುವುದಿಲ್ಲ. ಆದ್ದರಿಂದ ಜಾಸ್ತಿ ವಿವರ ಇರುವ ಮೂಲವನ್ನೇ ಮುಖ್ಯ ಪ್ರತಿ ಎಂದು ಇಟ್ಟುಕೊಳ್ಳಿ, ಉಳಿದದ್ದನ್ನು ಅದರಿಂದ ಹುಟ್ಟಿಸಿ.

ಹಂತ 3: ಲಿಪಿಯನ್ನು ಸರಿಮಾಡಿ

ಇದಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುತ್ತೇನೆ. ಲಿಪಿ ಕೆಟ್ಟಿದ್ದರೆ ಮುಂದಿನ ಯಾವ ಕೆಲಸವೂ ನಿಲ್ಲುವುದಿಲ್ಲ.

ಮೊದಲನೆಯ ತೊಂದರೆ ಹಳೆಯ ಫಾಂಟುಗಳದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ, ಇಲ್ಲದಿದ್ದರೆ ಅರ್ಥವಿಲ್ಲದ ಚಿಹ್ನೆಗಳು. ಅವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಯಾವ ಫೈಲು ಯಾವ ಫಾಂಟಿನದು ಎಂದು ಮೊದಲು ಗುರುತಿಸಿ, ಬೇರೆ ಬೇರೆ ಇಟ್ಟು ಬದಲಿಸಿ. ಎರಡು ಫಾಂಟಿನ ಸಾಲುಗಳು ಬೆರೆತ ಫೈಲನ್ನು ಸುಮ್ನೆ ಒಟ್ಟಿಗೆ ಪರಿವರ್ತಕಕ್ಕೆ ಹಾಕಿದರೆ ಅರ್ಧ ಹಾಳಾಗುತ್ತದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಮಹಾಪ್ರಾಣ ಇರುವ ಪದಗಳನ್ನು ಕಣ್ಣಾರೆ ಓದಿ ನೋಡಿ. ತಪ್ಪುಗಳು ಅಲ್ಲೇ ಕೂತಿರುತ್ತವೆ.

ಎರಡನೆಯದು ಕಣ್ಣಿಗೆ ಕಾಣದ ತಪ್ಪುಗಳು. ಇವನ್ನು ಒಂದೊಂದಾಗಿ ಹುಡುಕಿ:

- ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ. 'ಗ್ರಂಥ' ಮತ್ತು 'ಗ್ರ೦ಥ' ನೋಡಲು ಒಂದೇ ಥರ. ಎರಡನೆಯದರಲ್ಲಿ ಇರುವುದು ಅಂಕಿ. ಹುಡುಕಿದರೆ ಸಿಗುವುದಿಲ್ಲ. ಅಕ್ಷರದ ಪಕ್ಕದಲ್ಲೇ ಕನ್ನಡ ಸೊನ್ನೆ ಇರುವ ಎಲ್ಲ ಸಾಲನ್ನೂ ತೆಗೆದು ಬದಲಿಸಿ.
- ಸ್ವರಚಿಹ್ನೆಯ ತುಂಡುಗಳು. 'ಕೋ' ಎಂಬುದರ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಇಡಬಹುದು, ಮೂರು ತುಂಡುಗಳಾಗಿಯೂ ಇಡಬಹುದು. ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದರೆ ಇದು ಒಂದೇ ಏಟಿಗೆ ಸರಿಹೋಗುತ್ತದೆ.
- ಅಗಲವಿಲ್ಲದ ಜೋಡಕಗಳು. 'ಕಾರ್ಯ' ಮತ್ತು 'ಕಾರ್‍ಯ' ಒಂದೇ ಪದ. ಎರಡನೆಯದರ ಒಳಗೆ ಕಾಣದ ಒಂದು ಜೋಡಕ ಇದೆ. ತೋರಿಸುವ ಫೀಲ್ಡಿನಲ್ಲಿ ಅದು ಇರಲಿ. ಹುಡುಕಾಟದ ಸೂಚಿಯಲ್ಲಿ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.
- ಸಾಲಿನ ಮೊದಲು, ಕೊನೆಯಲ್ಲಿ ಉಳಿದ ಖಾಲಿ ಜಾಗಗಳು.

ಈ ಕೆಲಸಕ್ಕೆ ಓಪನ್‌ರಿಫೈನ್ ಬಹಳ ಒಳ್ಳೆಯ ಸಲಕರಣೆ. ಉಚಿತ. ಒಂದು ಕಾಲಂನಲ್ಲಿ ಎಷ್ಟು ಬಗೆಯ ಬರವಣಿಗೆ ಇದೆ ಎಂದು ಒಂದೇ ನೋಟಕ್ಕೆ ತೋರಿಸುತ್ತದೆ. ಹತ್ತಿರದ ಪದಗಳನ್ನು ಗುಂಪು ಮಾಡುವ ಸೌಲಭ್ಯವೂ ಅದರಲ್ಲಿದೆ. ಆದರೆ ಅದು ಸೂಚಿಸಿದ್ದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಡಿ. ಕನ್ನಡದಲ್ಲಿ ಒಂದು ದೀರ್ಘ ಬದಲಾದರೆ ಬೇರೆಯೇ ಪದ ಆಗುತ್ತದೆ, ಅಲ್ವಾ? 'ಬಳೆ' ಮತ್ತು 'ಬಾಳೆ' ಒಂದೇ ಗುಂಪಿಗೆ ಬರಬಾರದು.

ಮೂರನೆಯದು ರೋಮನ್ ಲಿಪಿಯ ಪ್ರಶ್ನೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ದೆಹಲಿ ಕಚೇರಿಯ ಮೂಲಕ ಬಹಳ ವರ್ಷಗಳಿಂದ ಕನ್ನಡ ಪುಸ್ತಕ ತರಿಸಿಕೊಳ್ಳುತ್ತಿದೆ. ಹಾಗಾಗಿ ನಮ್ಮ ಎಷ್ಟೋ ಪುಸ್ತಕಗಳ ಸಿದ್ಧ ರೆಕಾರ್ಡುಗಳು ಅಲ್ಲಿಂದ ಸಿಗುತ್ತವೆ. ಅವುಗಳಲ್ಲಿ ಶೀರ್ಷಿಕೆ ಸಾಮಾನ್ಯವಾಗಿ ರೋಮನ್ ಅಕ್ಷರದಲ್ಲಿ, ಮೇಲೆ ಕೆಳಗೆ ಗುರುತು ಹಾಕಿ ಬರೆದಿರುತ್ತದೆ. ಇಳಿಸಿಕೊಳ್ಳಿ, ಸಮಯ ಉಳಿಯುತ್ತದೆ. ಆದರೆ ಹಾಗೇ ಬಿಡಬೇಡಿ. ಕನ್ನಡ ಪುಸ್ತಕದ ಹೆಸರು ಕನ್ನಡದಲ್ಲಿ ಇರಬೇಕು. ನಮ್ಮ ವಿಶ್ವವಿದ್ಯಾಲಯದಲ್ಲೇ ಕನ್ನಡದ ಹುಡುಗನೊಬ್ಬ ಕನ್ನಡ ಪುಸ್ತಕವನ್ನು ರೋಮನ್‌ನಲ್ಲಿ ಹುಡುಕಬೇಕಾದರೆ ಅದು ನಮ್ಮ ತಪ್ಪು.

ನಾನು ಅನುಸರಿಸುವ ಕ್ರಮ ಇದು: 245ರಲ್ಲಿ ಕನ್ನಡ. ರೋಮನ್ ರೂಪವನ್ನು ನಿಯಮದ ಪ್ರಕಾರ 880ರಲ್ಲಿ ಜೋಡಿಸಬೇಕು. ನಿಮ್ಮ ಸಾಫ್ಟ್‌ವೇರ್ 880ರೊಳಗೆ ಹುಡುಕುತ್ತದೆಯೇ ಎಂದು ಒಂದು ರೆಕಾರ್ಡ್ ಹಾಕಿ ಪರೀಕ್ಷಿಸಿ. ಹುಡುಕದಿದ್ದರೆ ಬೇರೆ ಶೀರ್ಷಿಕೆಗೆಂದು ಇರುವ 246ರಲ್ಲೂ ಅದನ್ನು ಹಾಕಿ. ಗುರುತುಗಳಿಲ್ಲದ, ಜನ ಮೊಬೈಲಿನಲ್ಲಿ ಟೈಪ್ ಮಾಡುವ ರೂಪವೂ 246ರಲ್ಲಿ ಒಂದು ಇರಲಿ.

ಹಂತ 4: ಹೆಸರುಗಳನ್ನು ಕೂಡಿಸಿ

ಕುವೆಂಪು ಅವರನ್ನೇ ತೆಗೆದುಕೊಳ್ಳಿ. 'ಕುವೆಂಪು', 'ಕೆ.ವಿ. ಪುಟ್ಟಪ್ಪ', 'ಪುಟ್ಟಪ್ಪ, ಕೆ.ವಿ.', 'ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ', ಇಷ್ಟರ ಮೇಲೆ ಮುಂದೆ 'ಡಾ.' ಸೇರಿದ ಮತ್ತೊಂದು. ಚುಕ್ಕೆಯ ನಂತರ ಖಾಲಿ ಜಾಗ ಬಿಟ್ಟಿದ್ದರೆ ಇನ್ನೊಂದು. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ಬೇಂದ್ರೆ ಮತ್ತು ಅಂಬಿಕಾತನಯದತ್ತ, ಮಾಸ್ತಿ ಮತ್ತು ಶ್ರೀನಿವಾಸ ಕೂಡ ಹಾಗೆಯೇ. ಕಾವ್ಯನಾಮ ನಮ್ಮ ಸಾಹಿತ್ಯದಲ್ಲಿ ಎಷ್ಟು ಸಾಮಾನ್ಯ ಎಂದರೆ ಅಥಾರಿಟಿ ಫೈಲ್ (ಒಬ್ಬರ ಎಲ್ಲ ಹೆಸರುಗಳನ್ನೂ ಒಂದೇ ಕಡೆ ಕೂಡಿಸುವ ಪಟ್ಟಿ) ಇಲ್ಲದ ಕನ್ನಡ ಕ್ಯಾಟಲಾಗ್ ಅರ್ಧ ಕ್ಯಾಟಲಾಗ್ ಅಷ್ಟೇ.

ಒಬ್ಬರಿಗೆ ಒಂದು ಅಥಾರಿಟಿ ರೆಕಾರ್ಡ್. ಒಪ್ಪಿದ ಹೆಸರು 100ರಲ್ಲಿ, ಉಳಿದ ಎಲ್ಲ ರೂಪಗಳೂ 400ರಲ್ಲಿ. ಜನ ಹೆಚ್ಚು ಬಳಸುವ ಹೆಸರನ್ನೇ ಒಪ್ಪಿದ ಹೆಸರಾಗಿ ಇಡಿ. 'ಡಾ.', 'ಪ್ರೊ.', 'ಶ್ರೀ' ಎಲ್ಲವನ್ನೂ ತೆಗೆಯಿರಿ. ಇನಿಷಿಯಲ್ ಬಿಡಿಸಿ ಬರೆಯಲು ಹೋಗುವಾಗ ಎಚ್ಚರ. ನಮ್ಮಲ್ಲಿ ಇನಿಷಿಯಲ್ ಊರಿನದೂ ಇರಬಹುದು, ತಂದೆಯದೂ ಇರಬಹುದು, ಮನೆತನದ್ದೂ ಇರಬಹುದು. ಖಚಿತವಿಲ್ಲದಿದ್ದರೆ ಊಹೆ ಮಾಡಬೇಡಿ, ಪುಸ್ತಕದಲ್ಲಿ ಇದ್ದಂತೆ ಬಿಡಿ. ಒಂದೇ ಹೆಸರಿನ ಇಬ್ಬರಿದ್ದರೆ ಹುಟ್ಟಿದ ವರ್ಷ ಅಥವಾ ಅವರ ಕ್ಷೇತ್ರ ಸೇರಿಸಿ ಬೇರೆ ಮಾಡಿ. ಸಾಧ್ಯವಾದಲ್ಲಿ ವಿಯಾಫ್ (ಹಲವು ದೇಶಗಳ ಗ್ರಂಥಾಲಯಗಳ ಹೆಸರುಪಟ್ಟಿಗಳನ್ನು ಕೂಡಿಸಿದ ಕೋಶ) ಅಥವಾ ವಿಕಿಡೇಟಾ (ವಿಕಿಪೀಡಿಯದ ಬಳಗದ ಮಾಹಿತಿ ಕೋಶ) ಕೊಟ್ಟ ಸಂಖ್ಯೆಯನ್ನೂ ಜೋಡಿಸಿಡಿ. ನಾಳೆ ಬೇರೆ ಗ್ರಂಥಾಲಯದ ಜೊತೆ ರೆಕಾರ್ಡ್ ಹಂಚಿಕೊಳ್ಳುವಾಗ ಆ ಸಂಖ್ಯೆ ಕೆಲಸಕ್ಕೆ ಬರುತ್ತದೆ.

ಸಾವಿರಾರು ಹೆಸರಿದ್ದರೆ ಎಲ್ಲಿಂದ ಶುರು? ಅತಿ ಹೆಚ್ಚು ಪುಸ್ತಕ ಇರುವ ಮೊದಲ ಇನ್ನೂರು ಲೇಖಕರಿಂದ ಶುರು ಮಾಡಿ. ಫಲ ಬೇಗ ಕಾಣುತ್ತದೆ.

ಸಂಸ್ಥೆಗಳ ಹೆಸರಿನಲ್ಲಿ ಇತಿಹಾಸ ಅಡಗಿದೆ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲಿನ ಸರ್ಕಾರಿ ವರದಿಯ ಕರ್ತೃ ಮೈಸೂರು ಸರ್ಕಾರ. ಅದನ್ನು ಕರ್ನಾಟಕ ಸರ್ಕಾರ ಎಂದು ತಿದ್ದಬೇಡಿ. ಎರಡಕ್ಕೂ ಪ್ರತ್ಯೇಕ ರೆಕಾರ್ಡ್ ಮಾಡಿ, 510ರ ಮೂಲಕ ಒಂದಕ್ಕೊಂದು ಕೊಂಡಿ ಹಾಕಿ. ಊರಿನ ಹೆಸರೂ ಅಷ್ಟೇ. ಪ್ರಕಟಣೆಯ ಸ್ಥಳ ಪುಸ್ತಕದಲ್ಲಿ 'ಬೆಂಗಳೂರು' ಎಂದಿದ್ದರೆ ಹಾಗೆ, ಇಂಗ್ಲಿಷ್ ಪುಸ್ತಕದಲ್ಲಿ 'ಬ್ಯಾಂಗಲೋರ್' ಎಂದಿದ್ದರೆ ಹಾಗೆಯೇ 264ರಲ್ಲಿ ಇಳಿಸಿ. ಎರಡನ್ನೂ ಒಟ್ಟಿಗೆ ತರುವ ಕೆಲಸ ಬೇರೆ ಫೀಲ್ಡಿಗೆ ಬಿಡಿ.

ಮೊದಲು ಹೇಳಿದ ಗದುಗಿನ ಭಾರತದ ಸಮಸ್ಯೆಗೂ ಇದೇ ಥರದ ಉತ್ತರ. ಕೃತಿಗೆ ಒಂದು ಏಕರೂಪ ಶೀರ್ಷಿಕೆ ಗೊತ್ತುಮಾಡಿ 240ರಲ್ಲಿ ಹಾಕಿ. ಉಳಿದ ಹೆಸರುಗಳು ಅದರ ಅಥಾರಿಟಿ ರೆಕಾರ್ಡಿನಲ್ಲಿ ಇರಲಿ. ಯಾವ ಹೆಸರಿನಿಂದ ಹುಡುಕಿದರೂ ಎಲ್ಲ ಮುದ್ರಣಗಳೂ ಒಟ್ಟಿಗೆ ಬರುತ್ತವೆ.

ಹಂತ 5: ವರ್ಷವನ್ನು ಎರಡು ಕಡೆ ಬರೆಯಿರಿ

ಹಳೆಯ ಪುಸ್ತಕದ ಮುಖಪುಟದಲ್ಲಿ 'ಶಾಲಿವಾಹನ ಶಕ ೧೮೪೫, ರುಧಿರೋದ್ಗಾರಿ ಸಂವತ್ಸರ' ಎಂದಿರುತ್ತದೆ. ಶಕ ವರ್ಷಕ್ಕೆ 78 ಕೂಡಿಸಿದರೆ 1923. ಯುಗಾದಿಗೆ ವರ್ಷ ಶುರುವಾಗುವುದರಿಂದ ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು. ಪುಸ್ತಕದಲ್ಲಿದ್ದುದನ್ನು ಇದ್ದಂತೆ 264ರಲ್ಲಿ ಬರೆಯಿರಿ, ಪಕ್ಕದಲ್ಲಿ ಚೌಕ ಆವರಣದೊಳಗೆ ಇಸವಿ ಹಾಕಿ. ಕಂಪ್ಯೂಟರ್ ಓದುವ 008ರಲ್ಲಿ ಇಸವಿ ಮಾತ್ರ.

ಬರೀ ಸಂವತ್ಸರದ ಹೆಸರಿದ್ದರೆ ಕಷ್ಟ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ರುಧಿರೋದ್ಗಾರಿ 1923ರಲ್ಲೂ ಬಂತು, 1983ರಲ್ಲೂ ಬಂತು. ಆಗ ಬೆಲೆ ನೋಡಿ. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. ಬೆಲೆ ಆಣೆಯಲ್ಲಿದ್ದರೆ ಪುಸ್ತಕ ಬಹುತೇಕ ಅದಕ್ಕೂ ಹಿಂದಿನದು. ಮುದ್ರಣಾಲಯದ ಹೆಸರು, ಮುನ್ನುಡಿಯ ಸಹಿ, ದಾನಿಗಳು ಒಳಪುಟದಲ್ಲಿ ಬರೆದ ದಿನಾಂಕವೂ ನೆರವಾಗುತ್ತವೆ.

ಹಂತ 6: ಓಲೆಗರಿ, ಕಡತಗಳಿಗೆ ಬೇರೆ ಮೇಜು

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಆರ್. ಶಾಮಾಶಾಸ್ತ್ರಿಗಳು ಗುರುತಿಸಿದ್ದು 1905ರಲ್ಲಿ. ಪಠ್ಯ ಅಚ್ಚಾದದ್ದು 1909ರಲ್ಲಿ. ಭಾಷೆ ಸಂಸ್ಕೃತ, ಲಿಪಿ ಗ್ರಂಥ. ಅದನ್ನು ಓದಬಲ್ಲ ಒಬ್ಬರು ಕಟ್ಟು ಬಿಚ್ಚಿ ನೋಡಿ, ಇದು ಇಂಥದ್ದು ಎಂದು ಹೇಳಿದ ಮೇಲೆಯೇ ಅದು ಲೋಕಕ್ಕೆ ಸಿಕ್ಕಿತು. ಹಸ್ತಪ್ರತಿಯ ಮೆಟಾಡೇಟಾಕ್ಕೆ, ಅಂದರೆ ಅದರ ಬಗ್ಗೆ ಬರೆದಿಡುವ ವಿವರಕ್ಕೆ, ಇರುವ ಬೆಲೆ ಅದು.

ಇಲ್ಲಿ ಭಾಷೆ ಬೇರೆ, ಲಿಪಿ ಬೇರೆ. ಸಂಸ್ಕೃತ ಕೃತಿ ಕನ್ನಡ ಲಿಪಿಯಲ್ಲಿ ಇರಬಹುದು, ನಂದಿನಾಗರಿಯಲ್ಲಿ ಇರಬಹುದು, ತಿಗಳಾರಿಯಲ್ಲೂ ಇರಬಹುದು. ಭಾಷೆಯ ಕೋಡ್ 041ರಲ್ಲಿ, ಲಿಪಿಯ ವಿವರ 546ರಲ್ಲಿ ಬರೆಯಿರಿ. ಇವೆರಡನ್ನೂ ಒಂದೇ ಎಂದುಕೊಂಡು ತುಂಬಿದ ಪಟ್ಟಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಂದು ಕಟ್ಟಿನಲ್ಲಿ ಹಲವು ಕೃತಿಗಳಿರುವುದೇ ಜಾಸ್ತಿ. ಮೊದಲ ಕೃತಿಯ ಹೆಸರನ್ನು ಇಡೀ ಕಟ್ಟಿಗೆ ಇಟ್ಟರೆ ಉಳಿದವು ಕಣ್ಮರೆಯಾಗುತ್ತವೆ. ಕಟ್ಟಿಗೆ ಒಂದು ರೆಕಾರ್ಡ್, ಒಳಗಿನ ಪ್ರತಿ ಕೃತಿಗೆ ಒಂದೊಂದು ರೆಕಾರ್ಡ್, 773ರಿಂದ ಕಟ್ಟಿಗೆ ಕೊಂಡಿ. ಗರಿಗಳ ಸಂಖ್ಯೆ, ಅಳತೆ, ಯಾವ ಗರಿಯಿಂದ ಯಾವ ಗರಿವರೆಗೆ, ಆದಿ ಮತ್ತು ಅಂತ್ಯದ ಸಾಲು, ಲಿಪಿಕಾರನ ಹೆಸರು, ಹುಳು ತಿಂದಿದೆಯೇ, ಮುರಿದಿದೆಯೇ ಎಲ್ಲ ಬರೆಯಿರಿ. ಯಾರ ಮನೆಯಿಂದ ಬಂತು ಎನ್ನುವುದು 561ರಲ್ಲಿ. ಓದಲು ಬರದ ಲಿಪಿಯಾದರೆ 'ಇನ್ನೂ ಓದಿಲ್ಲ' ಎಂದೇ ದಾಖಲಿಸಿ. ಖಾಲಿ ಬಿಟ್ಟರೆ ಅದು ಮರೆತುಹೋದದ್ದೋ ಓದದೆ ಉಳಿದದ್ದೋ ಮುಂದಿನವರಿಗೆ ತಿಳಿಯುವುದಿಲ್ಲ.

ಹಂತ 7: ಪ್ರಬಂಧ ಮತ್ತು ಇ-ಸಂಪನ್ಮೂಲ

ಯುಜಿಸಿಯ 2009ರ ನಿಯಮದ ನಂತರ ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡುವುದು ಕಡ್ಡಾಯವಾಯಿತು. ಅವು ಇನ್‌ಫ್ಲಿಬ್‌ನೆಟ್ ನಡೆಸುವ ಶೋಧಗಂಗಾ ಎಂಬ ಆನ್‌ಲೈನ್ ಪ್ರಬಂಧ ಭಂಡಾರದಲ್ಲಿ ಸೇರುತ್ತವೆ. ನಿಮ್ಮ ಕ್ಯಾಟಲಾಗಿನಲ್ಲಿರುವ ಅಚ್ಚುಪ್ರತಿಯ ರೆಕಾರ್ಡಿಗೆ ಶೋಧಗಂಗಾದ ಶಾಶ್ವತ ಕೊಂಡಿಯನ್ನು 856ರಲ್ಲಿ ಜೋಡಿಸಿ. ಮಾರ್ಗದರ್ಶಕರ ಹೆಸರನ್ನು 700ರಲ್ಲಿ, ಅಥಾರಿಟಿ ಫೈಲಿನ ರೂಪದಲ್ಲೇ ಹಾಕಿ.

ಪದವಿ ಕೊಟ್ಟ ವಿಶ್ವವಿದ್ಯಾಲಯದ ಹೆಸರನ್ನು ಈಗಿನ ನಕಾಶೆ ನೋಡಿ ಬರೆಯಬೇಡಿ. ಮಂಗಳೂರು ವಿಶ್ವವಿದ್ಯಾಲಯ ಶುರುವಾದದ್ದು 1980ರಲ್ಲಿ. ಅದಕ್ಕೂ ಮೊದಲು ಮಂಗಳಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಆಗ ಅಲ್ಲಿ ಕೂತು ಬರೆದ ಪ್ರಬಂಧಕ್ಕೆ 502ರಲ್ಲಿ ಮೈಸೂರು ವಿಶ್ವವಿದ್ಯಾಲಯ ಎಂದೇ ಇರಬೇಕು.

ಇ-ಪುಸ್ತಕಗಳ ರೆಕಾರ್ಡುಗಳನ್ನು ಮಾರಾಟಗಾರರೇ ಕಳಿಸುತ್ತಾರೆ. ಅವನ್ನು ತುಂಬುವಾಗ ಪ್ರತಿ ರೆಕಾರ್ಡಿಗೂ ಪ್ಯಾಕೇಜಿನ ಹೆಸರು, ತುಂಬಿದ ತಿಂಗಳು ಇರುವ ಒಂದು ಗುರುತು ಹಾಕಿ. ಚಂದಾ ಮುಗಿದ ದಿನ ಅಷ್ಟನ್ನೇ ಹೆಕ್ಕಿ ತೆಗೆಯಲು ಇದೊಂದೇ ದಾರಿ. ಇಲ್ಲದಿದ್ದರೆ ಒತ್ತಿದರೆ ತೆರೆಯದ ಕೊಂಡಿಗಳು ವರ್ಷಗಟ್ಟಲೆ ಉಳಿಯುತ್ತವೆ.

ಹಂತ 8: ವಿಷಯ ಶೀರ್ಷಿಕೆ ಎರಡು ಭಾಷೆಯಲ್ಲಿ

ವಿಷಯಕ್ಕೆ ತಕ್ಕಂತೆ ಪುಸ್ತಕಗಳಿಗೆ ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ದೊಡ್ಡ ಕನ್ನಡ ವಿಭಾಗದಲ್ಲಿ ಆ ಒಂದೇ ಸಂಖ್ಯೆಯ ಕೆಳಗೆ ರ‍್ಯಾಕುಗಟ್ಟಲೆ ಪುಸ್ತಕ ನಿಲ್ಲುತ್ತದೆ. ಅಲ್ಲಿ ಓದುಗರಿಗೆ ದಾರಿ ತೋರಿಸುವುದು ವಿಷಯ ಶೀರ್ಷಿಕೆ ಮಾತ್ರ. ಇಂಗ್ಲಿಷ್ ಪಟ್ಟಿಯ ಪದವನ್ನು 650ರಲ್ಲಿ ಹಾಕಿ, ಜೊತೆಗೆ ನಮ್ಮದೇ ಕನ್ನಡ ಪಟ್ಟಿಯ ಪದವನ್ನೂ ಹಾಕಿ: ತತ್ವಪದ, ರಗಳೆ, ಬಯಲಾಟ, ಲಾವಣಿ, ಕೈಫಿಯತ್ತು. ಕನ್ನಡ ವಿಭಾಗದ ಅಧ್ಯಾಪಕರನ್ನು ಕರೆದು ಎರಡು ಮೂರು ಮಧ್ಯಾಹ್ನ ಕೂತರೆ ಒಳ್ಳೆಯ ಪಟ್ಟಿ ಸಿಗುತ್ತದೆ. ಹಳೆಯ ಪುಸ್ತಕಗಳಿಗೆ ರಂಗನಾಥನ್ ಅವರ ಕೋಲನ್ ವರ್ಗೀಕರಣದ ಸಂಖ್ಯೆ ಇದ್ದರೆ ಅಳಿಸಬೇಡಿ, ಬೇರೆ ಫೀಲ್ಡಿನಲ್ಲಿ ಉಳಿಸಿ.

ಹಂತ 9: ಒಟ್ಟುಗೂಡಿಸಿ, ಆದರೆ ಸಣ್ಣ ಸಣ್ಣ ಕಂತಿನಲ್ಲಿ

ಬ್ಯಾಕಪ್ ಇಲ್ಲದೆ ಏನನ್ನೂ ಮುಟ್ಟಬೇಡಿ. ಬ್ಯಾಕಪ್ ತೆಗೆದರೆ ಸಾಲದು, ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ಆ ಯಂತ್ರವೇ ನಿಮ್ಮ ಪರೀಕ್ಷಾ ಸರ್ವರ್ ಆಗಲಿ.

ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುತ್ತಿದ್ದರೆ ರೆಕಾರ್ಡುಗಳನ್ನು ಮೊದಲು ತಾತ್ಕಾಲಿಕ ಜಾಗದಲ್ಲಿ ಇಳಿಸಿ, ಯಾವುದು ಯಾವುದಕ್ಕೆ ಹೊಂದುತ್ತದೆ ಎಂದು ನೋಡಿ, ಆಮೇಲೆ ಒಳಗೆ ಬಿಡಬಹುದು. ತಪ್ಪಾದರೆ ಆ ಕಂತನ್ನು ಹಿಂದಕ್ಕೆ ತೆಗೆಯಲೂ ಬರುತ್ತದೆ. ಮೊದಲ ಕಂತು ನೂರು ರೆಕಾರ್ಡ್ ದಾಟದಿರಲಿ. ದೊಡ್ಡ ಪ್ರಮಾಣದಲ್ಲಿ ತಿದ್ದಲು ಮಾರ್ಕ್‌ಎಡಿಟ್ ಅನುಕೂಲ.

ಎರಡೆರಡು ಬಾರಿ ಬಂದ ರೆಕಾರ್ಡ್ ಗುರುತಿಸಲು ಐಎಸ್‌ಬಿಎನ್ ಒಂದನ್ನೇ ನಂಬಬೇಡಿ. ಹಳೆಯ ಕನ್ನಡ ಪುಸ್ತಕಗಳಿಗೆ ಅದು ಇಲ್ಲ. ಶೀರ್ಷಿಕೆ, ಲೇಖಕ, ಪ್ರಕಾಶಕ, ವರ್ಷ, ಪುಟಸಂಖ್ಯೆ ಐದನ್ನೂ ಹೋಲಿಸಿ. ಅನುಮಾನ ಬಂದರೆ ರ‍್ಯಾಕಿಗೆ ಹೋಗಿ ಪುಸ್ತಕವನ್ನೇ ಕೈಯಲ್ಲಿ ಹಿಡಿಯಿರಿ. ಕೂಡಿಸಿದ ರೆಕಾರ್ಡನ್ನು ಬಿಡಿಸುವುದು ಕೂಡಿಸುವುದಕ್ಕಿಂತ ಎಷ್ಟೋ ಪಾಲು ಕಷ್ಟ.

ಹಂತ 10: ಹುಡುಕಿ ನೋಡಿ

ಕೋಹಾದಲ್ಲಿ ಹುಡುಕಾಟ ನಡೆಸುವುದು ಜೀಬ್ರಾ ಎಂಬ ಸೂಚಿ ಆಗಿದ್ದರೆ ಅದು ಐಸಿಯು ಕ್ರಮದಲ್ಲಿ (ಯೂನಿಕೋಡ್ ಅಕ್ಷರಗಳನ್ನು ಅರಿಯುವ ಕ್ರಮ) ಕೆಲಸ ಮಾಡುತ್ತಿದೆಯೇ ಎಂದು ತಾಂತ್ರಿಕ ಸಿಬ್ಬಂದಿಯನ್ನು ಕೇಳಿ. ಇಲ್ಲದಿದ್ದರೆ ಕನ್ನಡ ಅಕ್ಷರಗಳ ಹುಡುಕಾಟ ಸರಿಯಾಗಿ ನಡೆಯುವುದಿಲ್ಲ. ಎಲಾಸ್ಟಿಕ್‌ಸರ್ಚ್ ಎಂಬ ಬೇರೆ ಹುಡುಕಾಟ ತಂತ್ರಾಂಶ ಇದ್ದರೂ ಕನ್ನಡಕ್ಕೆ ಹೊಂದಿಸಿರುವುದನ್ನು ಖಚಿತ ಮಾಡಿಕೊಳ್ಳಿ.

ಆಮೇಲೆ ಐವತ್ತು ಹುಡುಕಾಟಗಳ ಒಂದು ಪಟ್ಟಿ ಮಾಡಿ. ನೀವೇ ಕೂತು ಯೋಚಿಸಬೇಡಿ, ಕೌಂಟರಿನಲ್ಲಿ ಜನ ನಿಜವಾಗಿ ಕೇಳಿದ್ದನ್ನೇ ಬರೆದುಕೊಳ್ಳಿ. ಕಾವ್ಯನಾಮ, ತಪ್ಪು ಕಾಗುಣಿತ, ರೋಮನ್‌ನಲ್ಲಿ ಟೈಪ್ ಮಾಡಿದ ಹೆಸರು, 'ಹಳಗನ್ನಡ' ಮತ್ತು 'ಹಳೆಗನ್ನಡ' ಎರಡೂ ಇರಲಿ. ಪ್ರತಿ ಕಂತು ಒಳಗೆ ಬಿಟ್ಟ ಮೇಲೆ ಅದೇ ಐವತ್ತನ್ನು ಮತ್ತೆ ಹುಡುಕಿ. ಹಿಂದಿನ ಸಲ ಸಿಕ್ಕದ್ದು ಈ ಸಲ ಸಿಗದಿದ್ದರೆ ಕೆಲಸ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ.

ಇಷ್ಟೂ ನಿರ್ಧಾರಗಳನ್ನು ಒಂದೇ ಕಡೆ, ಕನ್ನಡದಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದವರಿಗೂ ತಿಳಿಯುವಂತೆ ಬರೆದಿಡಿ. ಪ್ರತಿ ನಿರ್ಧಾರದ ಪಕ್ಕದಲ್ಲಿ ತಾರೀಖು, ಕಾರಣ ಮತ್ತು ಒಂದು ಉದಾಹರಣೆ ಇರಲಿ. ತಿಂಗಳಿಗೊಮ್ಮೆ ಕೌಂಟರಿನವರು, ಕ್ಯಾಟಲಾಗ್ ಮಾಡುವವರು ಒಂದು ಗಂಟೆ ಒಟ್ಟಿಗೆ ಕೂತುಕೊಳ್ಳಿ. ಆ ತಿಂಗಳು ಯಾರು ಏನು ಕೇಳಿ ಬರಿಗೈಯಲ್ಲಿ ಹೋದರು ಎಂಬ ಪಟ್ಟಿ ಮೇಜಿನ ಮೇಲಿರಲಿ, ಅದರ ಮೊದಲ ಸಾಲಿನಿಂದ ಮಾತು ಶುರುವಾಗಲಿ.